ಕ್ಲಾರಿನೆಟ್ ನುಡಿಸಿದವರು ಯಾರೋ

ರಾಯಚೂರು
ತಾ. 9-12-1984

ಶರಣಮ್ಮನವರಿಗೆ ಬಂದೇನವಾಜನ ಸಲಾಂ.

ಯಾವ ಬಂದೇನವಾಜ ಎಂದು ಕೇಳಲಾರಿರಿ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಕನಕಪ್ಪ ಮಾಸ್ತರರ ಆರ್ಕೆಸ್ಟ್ರಾದಲ್ಲಿ ನಿಮ್ಮ ಎಡಕ್ಕೆ ನಿಂತು ಕ್ಲಾರಿನೆಟ್ ಊದುತ್ತಿದ್ದವನು ನಾನು. ಮಾಸ್ತರರು ತೀರಿಕೊಂಡ ಮೇಲೆ ಮದುವೆ ಮೆರವಣಿಗೆಯ ಬ್ಯಾಂಡ್ ಕಟ್ಟಿಕೊಂಡು ತೀನ್ ಕಂದೀಲ್ ಚೌಕದ ಹತ್ತಿರ ಇದ್ದೇನೆ. ನೇರವಾಗಿ ನಿಮ್ಮ ಮನೆಗೆ ಕಾಗದ ಹಾಕುವುದು ಸರಿಯಲ್ಲವೆಂದು ನಿಮ್ಮ ಗೆಳತಿ ಬಾಲಮ್ಮ ಟೀಚರ ವಿಳಾಸಕ್ಕೆ ಹಾಕಿದ್ದೇನೆ. ನಾನು ಉರ್ದು ಶಾಲೆಯಲ್ಲಿ ಕಲಿತವನು, ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಊರ ತುಂಬ ಗೋಡೆಪತ್ರ ಅಂಟಿಸಿದ್ದಾರೆ. ಸಂಕ್ರಮಣದ ಮರುದಿನ ಮಹಾಂತಯ್ಯ ಸಾವುಕಾರರ ರೈಸ್ ಮಿಲ್ಲಿನ ಅಂಗಳದಲ್ಲಿ ಹಳೆಯ ಹಾಡುಗಳ ಕಾರ್ಯಕ್ರಮ, ನಿಮಗೆ ಸನ್ಮಾನ. ನಿಮ್ಮ ಹೆಸರಿನ ಕೆಳಗೆ ‘ಹತ್ತಿ ಅರಳ್ಯಾವ ಖ್ಯಾತಿಯ’ ಎಂದು ಕೆಂಪಕ್ಷರದಲ್ಲಿದೆ. ಓದಿ ಅಲ್ಲೇ ನಿಂತುಬಿಟ್ಟೆ.

ಎಂಥ ವರ್ಷ ಅದು. ಎಪ್ಪತ್ಮೂರರಲ್ಲಿ ಆ ಹಾಡು ಇಲ್ಲದ ಜಾಗ ಎಲ್ಲಿತ್ತು ಹೇಳಿ. ಜಿನ್ನಿಂಗ್ ಫ್ಯಾಕ್ಟರಿಯ ಹೆಣ್ಣುಮಕ್ಕಳು ಹತ್ತಿ ಬಿಡಿಸುತ್ತ ಹಾಡುತ್ತಿದ್ದರು. ಸ್ಟೇಶನ್ ಮುಂದಿನ ಚಹಾದಂಗಡಿಗಳಲ್ಲಿ ಒಂದರಲ್ಲಿ ಮುಗಿದರೆ ಪಕ್ಕದ್ದರಲ್ಲಿ ಶುರುವಾಗುತ್ತಿತ್ತು. ಮಾನ್ವಿಯ ಟೂರಿಂಗ್ ಟಾಕೀಸಿನಲ್ಲಿ ಅದನ್ನು ಹಾಕಿದರೆ ಟಿಕೀಟು ಕೊಡುತ್ತಾರೆಂದು ಜನ ಓಡುತ್ತಿದ್ದರು. ಮದ್ರಾಸಿನ ಸ್ಟುಡಿಯೋ ನಿಮಗೆ ನೆನಪಿರಬೇಕು. ಎರಡನೇ ನುಡಿ ಮುಗಿದ ಮೇಲೆ ನೀವು ಪಲ್ಲವಿ ಎತ್ತಿಕೊಳ್ಳಬೇಕಿತ್ತು. ಗಂಟಲು ಕಟ್ಟಿತು, ಎತ್ತಿಕೊಳ್ಳಲಿಲ್ಲ. ಗಾಜಿನಾಚೆ ಇದ್ದವನು ನಿಲ್ಲಿಸಲು ಕೈಯೆತ್ತಿದ. ನಾನು ನಿಲ್ಲಿಸದೆ, ನಿಮಗೆ ಉಸಿರು ತಿರುಗುವ ತನಕ ಬಾಯಿಗೆ ಬಂದದ್ದನ್ನು ಊದಿದೆ. ನೀವು ಕಣ್ಣೊರೆಸಿಕೊಂಡು ಪಲ್ಲವಿಗೆ ಬಂದಿರಿ. ಮಾಸ್ತರರು “ಹಿಂಗೇ ಇರ್ಲಿ ಬಿಡ್ರಿ” ಅಂದರು. ಇವತ್ತಿಗೂ ಜನ ಮಾತು ಮರೆತರೂ ಆ ತುಂಡನ್ನು ಗುನುಗುತ್ತಾರೆ. ರೆಕಾರ್ಡಿನ ಮೇಲೆ ನಿಮ್ಮ ಹೆಸರು, ಮಾಸ್ತರರ ಹೆಸರು ಬಂದವು. ಊದುವವರ, ಬಾರಿಸುವವರ ಹೆಸರು ಯಾರೂ ಹಾಕುವುದಿಲ್ಲ, ಅದಕ್ಕೆ ನನ್ನ ತಕರಾರಿಲ್ಲ.

ಈಗ ಬೇಡಿಕೆಗೆ ಬರುತ್ತೇನೆ. ನನ್ನ ಮಗಳು ಜಾಹೆದಾಳನ್ನು ಈ ಬೇಸಿಗೆಯಲ್ಲಿ ಮಾನ್ವಿಗೆ ಕೊಟ್ಟಿದ್ದೇನೆ. ಅಳಿಯ ಹುಸೇನಪೀರನಿಗೆ ಬಸ್ ಸ್ಟ್ಯಾಂಡಿನಲ್ಲಿ ಕ್ಯಾಸೆಟ್ ಅಂಗಡಿ, ಟೇಪ್ ರೆಕಾರ್ಡರ್ ರಿಪೇರಿ. ಹಳೆಯ ಹಾಡೆಂದರೆ ಪ್ರಾಣ. “ಈ ಕ್ಲಾರಿನೆಟ್ ನಮ್ಮ ಮಾವಂದು” ಎಂದು ಬಂದವರಿಗೆಲ್ಲ ಹೇಳುತ್ತಾನೆ. ಅವನ ತಾಯಿ ಅಕ್ಬರಿ ಬೇಗಂ ಮಾತ್ರ “ಬ್ಯಾಂಡಿನವಗ ಮದ್ರಾಸಿನವರು ಯಾಕ ಕರೀತಾರ” ಎನ್ನುತ್ತಾಳೆ. ವೇದಿಕೆಯ ಮೇಲೆ ಒಂದು ಸಲ ನನ್ನ ಹೆಸರು ಹೇಳಿ. ಅಷ್ಟೇ ಸಾಕು.

ನಿಮ್ಮ ಹಾಡಿನ ಹಿಂದೆ ನಿಂತಿದ್ದವನು,
ಬಂದೇನವಾಜ್


ದೇವದುರ್ಗ
ತಾ. 18-12-1984

ಬಂದೇನವಾಜ್ ಮಾಸ್ತರರಿಗೆ ಶರಣು ಶರಣಾರ್ಥಿ.

ಬಾಲಮ್ಮ ಶಾಲೆ ಬಿಟ್ಟ ಮೇಲೆ ಬಂದು, ಸೆರಗಿನೊಳಗಿಂದ ನಿಮ್ಮ ಕಾಗದ ತೆಗೆದುಕೊಟ್ಟಳು. ಅವಳ ಮನೆಯಲ್ಲೇ ಕುಳಿತು ಉತ್ತರ ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ದೊಡ್ಡಪ್ಪನವರು ಹತ್ತಿ ವ್ಯಾಪಾರದವರು. ಮದುವೆಯಾದ ಮೇಲೆ ನಾನು ಹಾಡಿಲ್ಲ. ರೇಡಿಯೋದಲ್ಲಿ ಆ ಹಾಡು ಬಂದರೆ ಎದ್ದು ಬಂದು ಆರಿಸುತ್ತಾರೆ. ಮಹಾಂತಯ್ಯ ಸಾವುಕಾರರು ತಾವೇ ಮನೆಗೆ ಬಂದು ಕೇಳಿದ್ದಕ್ಕೆ ಒಲ್ಲೆನ್ನಲಾಗದೆ ಒಪ್ಪಿದರು. ಒಂದೇ ಹಾಡು, ಕೈಮುಗಿದು ಇಳಿಯಬೇಕು ಎಂದು ಕರಾರು. ಅಡುಗೆಮನೆಯಲ್ಲಿ ಮಿಕ್ಸರ್ ಹಚ್ಚಿ ಅದರ ಸದ್ದಿನೊಳಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದೇನೆ.

ಆ ದಿನ ನೀವು ಊದದೆ ಹೋಗಿದ್ದರೆ ಅವರು ಸಂಜೆಯೇ ನಮ್ಮನ್ನು ರೈಲು ಹತ್ತಿಸುತ್ತಿದ್ದರು, ರೆಕಾರ್ಡೂ ಇಲ್ಲ, ಶರಣಮ್ಮನೂ ಇಲ್ಲ. ನೀವು ಕೇಳದಿದ್ದರೂ ಹೇಳಬೇಕಾದ ಮಾತು ಅದು. ನಿಮ್ಮ ಹೆಸರು ನನ್ನ ಬಾಯಿಂದ ಬರುತ್ತದೆ. ಮಗಳು ಅಳಿಯ ಬೀಗರು ಎಲ್ಲರನ್ನೂ ಕರೆದುಕೊಂಡು ಬನ್ನಿ. ಹಿಂದೆ ಕೂಡಬೇಡಿ.

ಇಂತಿ,
ಶರಣಮ್ಮ


ರಾಯಚೂರು
ತಾ. 22-1-1985

ಶರಣಮ್ಮನವರಿಗೆ,

ನಿಮ್ಮ ಮಾತಿನಂತೆ ನಾವು ಹಿಂದೆ ಕೂಡಲಿಲ್ಲ. ನನ್ನ ಹೆಂಡತಿ ಕುಬ್ರಾ ನನ್ನ ನಿಕಾಹಿನ ಶೇರ್ವಾನಿಗೆ ಇಸ್ತ್ರಿ ಮಾಡಿಸಿದ್ದಳು. ಹುಸೇನಪೀರ ಅಂಗಡಿ ಬಾಗಿಲು ಹಾಕಿ, ತಾಯಿಯನ್ನೂ ಗೆಳೆಯರನ್ನೂ ಬಸ್ಸಿನಲ್ಲಿ ಕರೆತಂದಿದ್ದ.

ನಿಮ್ಮ ಗಂಟಲು ಕೆಟ್ಟಿಲ್ಲ. ಮೊದಲಿಗಿಂತ ಭಾರವಾಗಿದೆ, ಆದರೆ ಪಲ್ಲವಿಯ ಕೊನೆಯಲ್ಲಿ ಆ ಸಣ್ಣ ನಡುಕ ಹಾಗೇ ಇದೆ. ನಡುವಿನ ತುಂಡನ್ನು ಯಾರೋ ಹುಡುಗ ಹಾರ್ಮೋನಿಯಂ ಮೇಲೆ ಒತ್ತಿದ. ಆಮೇಲೆ ನಿರೂಪಕರು ಕೇಳಿದರು: “ಯವ್ವಾ, ರೆಕಾರ್ಡಿನಾಗ ನಡುವ ಆ ಕ್ಲಾರಿನೆಟ್ ಬರತದಲ್ರೀ, ಅದನ್ನ ಯಾರು ಬಾರಿಸಿದ್ರು?”

ನಾನು ಅರ್ಧ ಎದ್ದಿದ್ದೆ. ಕುಬ್ರಾ ನನ್ನ ಕಾಲರು ಸರಿಪಡಿಸುತ್ತಿದ್ದಳು.

ನೀವು ಅಂದಿರಿ: “ಮದ್ರಾಸಿನವರ‍್ಯಾರೋ ಇದ್ರು. ಹೆಸರು ನೆನಪಿಲ್ರಿ.”

ಎದ್ದವನು ಕೂಡುವುದು ಹೇಗೆಂದು ನನಗೆ ತಿಳಿಯಲಿಲ್ಲ. ಹಿಂದಿನವರು “ಕೂಡಪಾ, ಕಾಣವಲ್ದು” ಅಂದಾಗ ಕುಳಿತೆ. ನೀವು ನನ್ನನ್ನು ನೋಡಿದಿರಿ. ನೋಡಲಿಲ್ಲ ಎಂದು ಬರೆಯಬೇಡಿ.

ಹುಸೇನಪೀರ “ನಡೀರಿ, ಬಸ್ ತಪ್ಪತದ” ಎಂದು ಗೆಳೆಯರನ್ನು ಎಬ್ಬಿಸಿಕೊಂಡು ಹೊರಟ. ಜಾಹೆದಾ ನನ್ನ ಕಡೆ ತಿರುಗದೆ ಅವನ ಹಿಂದೆ ಹೋದಳು.

ನಿಜವಾಗಿ ಮರೆತಿರಾ?

ಬಂದೇನವಾಜ್


ದೇವದುರ್ಗ
ತಾ. 16-2-1985

ಮಾಸ್ತರರಿಗೆ ಶರಣು.

ಮರೆತಿರಲಿಲ್ಲ. ಸುಳ್ಳು ಬರೆದು ಸಮಾಧಾನ ಮಾಡಲು ನನಗೆ ಬರುವುದಿಲ್ಲ.

ರಾಯಚೂರಿಗೆ ಬರುವಾಗ ಕಾರಿನಲ್ಲಿ ಯಜಮಾನರು ಕೇಳಿದರು, “ನಿನ್ನ ಜೋಡಿ ಮದ್ರಾಸಿಗೆ ಹೋಗಿದ್ನಲ್ಲ ಆ ಪೀಪಿಯವ, ಅಂವನೂ ಬರ್ತಾನೇನು?” ನಾನು “ಯಾವ ಪೀಪಿಯವ?” ಅಂದೆ. ನಮ್ಮಿಬ್ಬರ ಬಗ್ಗೆ ಆಗ ಜನ ಆಡಿದ ಮಾತು ನಿಮಗೂ ಗೊತ್ತು. ಏನೂ ಇರಲಿಲ್ಲವೆಂದು ನಾವು ಬಲ್ಲೆವು. ಏನೂ ಇರದಿದ್ದಕ್ಕೆ ಸಾಕ್ಷಿ ಎಲ್ಲಿಂದ ತರಲಿ? ಅವರು ಮುಂದಿನ ಸಾಲಿನಲ್ಲಿ, ನನ್ನ ಬಾಯಿ ನೋಡುತ್ತ ಕುಳಿತಿದ್ದರು.

ಮರಳುವಾಗ, ಮದುವೆಯಾದಾಗಿನಿಂದ ಮೊದಲ ಸಲ, “ಚಲೋ ಹಾಡಿದಿ” ಅಂದರು.

ನಿಮಗೆ ಹೋದದ್ದು ಒಂದು ಹೆಸರು. ನನಗೆ ಹೋಗಬಹುದಾಗಿದ್ದದ್ದು ಮನೆ. ಬ್ಯಾಂಡಿನವರಿಗೆ ಹೆಸರಿಲ್ಲದೆ ಇರುವುದು ರೂಢಿಯಾಗಿರುತ್ತದೆ ಎಂದುಕೊಂಡೆ. ನಿಮ್ಮ ಕಾಗದದಲ್ಲೂ ನೀವೇ ಹಾಗೆ ಬರೆದಿದ್ದಿರಿ.

ಇಂತಿ,
ಶರಣಮ್ಮ


ರಾಯಚೂರು
ತಾ. 20-4-1985

ಶರಣಮ್ಮನವರಿಗೆ,

ಇನ್ನು ಬರೆಯಬಾರದೆಂದಿದ್ದೆ. ಬರೆಯಬೇಕಾಗಿ ಬಂತು.

ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಹುಸೇನಪೀರ ಯಾವ ಹಾಡು ಹಾಕಿದರೂ “ಇದನ್ನೂ ನಿಮ್ಮ ಮಾವನೇ ಬಾರಿಸ್ಯಾನೇನು?” ಎಂದು ಕೇಳುವವರಿದ್ದಾರೆ. ಢೋಲಕ್ ಕೇಳಿಸಿದರೂ ನನ್ನದೇ, ಹೆಣ್ಣುಮಗಳು ಹಾಡಿದರೂ ನನ್ನದೇ. ಹುಡುಗ ಕೆಟ್ಟವನಲ್ಲ. ನಾಲ್ಕು ಜನರ ಮುಂದೆ ತಲೆಯೆತ್ತಿ ಹೇಳಿಕೊಂಡಿದ್ದ, ಅದೇ ನಾಲ್ಕು ಜನ ಈಗ ನಗುತ್ತಾರೆ. ಅಂಗಡಿಯ ಸಿಟ್ಟನ್ನು ಮನೆಗೆ ಹೊತ್ತು ತರುತ್ತಾನೆ. ಅಕ್ಬರಿ ಬೇಗಂ, “ಸುಳ್ಳು ಹೇಳಿ ಹುಡುಗಿ ದಾಟಿಸಿದ್ರು, ಇನ್ನೂ ಏನೇನು ಮುಚ್ಚಿಟ್ಟಾರೋ” ಅನ್ನುತ್ತಾಳೆ. ಹೋದ ವಾರ ಜಾಹೆದಾ ನನ್ನ ಪರವಾಗಿ ಒಂದು ಮಾತಾಡಿದಳು. ಅವನು ಕೈಯೆತ್ತಿದ. ಟ್ರಂಕಿನ ಸಮೇತ ಅವಳನ್ನು ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ, ಅದೇ ಬಸ್ಸಿನಲ್ಲಿ ಮರಳಿ ಹೋದ. ಅವಳಿಗೀಗ ದಿನ ತುಂಬುತ್ತಿವೆ.

ನನ್ನ ಹೆಸರಿನ ಆಸೆ ಬಿಟ್ಟಿದ್ದೇನೆ. ಮಗಳ ಸಲುವಾಗಿ ಕೇಳುತ್ತಿದ್ದೇನೆ. ‘ಈ ಹಾಡಿಗೆ ಕ್ಲಾರಿನೆಟ್ ನುಡಿಸಿದವರು ಬಂದೇನವಾಜ್’ ಎಂದು ಒಂದು ಸಾಲು ಬರೆದು ಸಹಿ ಮಾಡಿ ಕಳಿಸಿ. ಅಳಿಯನಿಗೆ ತೋರಿಸಿ ಅವನೆದುರೇ ಸುಟ್ಟುಬಿಡುತ್ತೇನೆ. ಕನಕಪ್ಪ ಮಾಸ್ತರರು ಇಲ್ಲ. ತಬಲಾದವನು ಮುಂಬೈಗೆ ಹೋದವನು ಏನಾದನೋ ತಿಳಿಯದು. ಬಲ್ಲವರು ನೀವೊಬ್ಬರೇ ಉಳಿದಿದ್ದೀರಿ.

ಕೈಮುಗಿದು,
ಬಂದೇನವಾಜ್


ದೇವದುರ್ಗ
ತಾ. 11-5-1985

ಮಾಸ್ತರರಿಗೆ,

ಬರೆದ ಕಾಗದ ಯಾರ ಕೈಗೆ ಹೋಗುತ್ತದೆಂದು ಬರೆದವರು ಹೇಳಲಾಗದು. ನಾನು ಕೊಡಲಾರೆ.

ಹೆಣ್ಣುಮಕ್ಕಳು ತಾಳಿಕೊಳ್ಳಬೇಕಾದದ್ದು ಎಲ್ಲ ಮನೆಗಳಲ್ಲೂ ಇರುತ್ತದೆ. ನಾನು ತಾಳಿಕೊಂಡಿಲ್ಲವೆ? ಮಗು ಹುಟ್ಟಿದರೆ ಎಲ್ಲ ಸರಿಹೋಗುತ್ತದೆ. ಬಾಣಂತಿಗೆಂದು ಒಂದು ಇಳಕಲ್ ಸೀರೆ ಕಳಿಸಿದ್ದೇನೆ. ಬಾಲಮ್ಮನ ಗಂಡ ಈ ಕಾಗದಗಳ ಬಗ್ಗೆ ಕೇಳತೊಡಗಿದ್ದಾನೆ. ಇನ್ನು ಬರೆಯಬೇಡಿ.

ಶರಣಮ್ಮ


ರಾಯಚೂರು
ತಾ. 3-10-1985

ಶರಣಮ್ಮನವರಿಗೆ,

ಇದೇ ಕೊನೆಯದು. ಸೀರೆಯನ್ನು ಮಡಿಕೆ ಬಿಚ್ಚದೆ ಮರಳಿಸಿದ್ದೇನೆ.

ಜಾಹೆದಾಳಿಗೆ ಹೆಣ್ಣುಮಗು. ಹೆಸರು ಸುಗ್ರಾ. ನೋಡಲು ಮಾನ್ವಿಯಿಂದ ಯಾರೂ ಬರಲಿಲ್ಲ. ಕೊನೆಗೆ ಎರಡೂ ಕಡೆಯ ಹಿರಿಯರು ಕುಳಿತು ಮಾತಾಡಿ ಕಳೆದ ಶುಕ್ರವಾರ ಅವಳನ್ನು ಕಳಿಸಿಕೊಟ್ಟೆವು. ಆ ಹಾಡಿನ ಮಾತನ್ನು ನಾನು ಅವರ ಹೊಸ್ತಿಲೊಳಗೆ ಎತ್ತಕೂಡದು, ಕರೆಯದೆ ಆ ಮನೆಗೆ ಹೋಗಕೂಡದು ಎಂದರು. ಒಪ್ಪಿದೆ. ಮೊಮ್ಮಗಳನ್ನು ಬಸ್ಸಿನ ಕಿಟಕಿಯಲ್ಲಿ ಕೊಟ್ಟು ಕೆಳಗೆ ನಿಂತೆ.

ನಾನು ಮದುವೆಗಳಲ್ಲಿ ಊದುವವನು, ಜನರ ಮುಖ ನೋಡುವುದೇ ಕೆಲಸ. ಅವತ್ತು ನಿಮ್ಮ ಮುಖವನ್ನೂ ನೋಡಿದೆ. ಗಂಡನ ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಚಪ್ಪಾಳೆ ಬಿದ್ದಾಗ ಅದರಲ್ಲಿ ಪಾಲು ಕೊಡುವ ಮನಸ್ಸೂ ಇರಲಿಲ್ಲ. ಹೆದರಿದವರು ಸುಮ್ಮನಿರುತ್ತಾರೆ. ನೀವು ಮದ್ರಾಸಿನವನೊಬ್ಬನನ್ನು ಹುಟ್ಟಿಸಿ ಕೂಡಿಸಿದಿರಿ.

ಬಂದೇನವಾಜ್


ದೇವದುರ್ಗ
ತಾ. 14-10-1986

ಬಂದೇನವಾಜ್ ಮಾಸ್ತರರಿಗೆ ಶರಣು ಶರಣಾರ್ಥಿ.

ಈ ಸಲ ನನ್ನ ಮನೆಯಿಂದಲೇ ಬರೆಯುತ್ತಿದ್ದೇನೆ. ಉತ್ತರವನ್ನೂ ಇದೇ ವಿಳಾಸಕ್ಕೆ ಹಾಕಬಹುದು. ಯುಗಾದಿಯ ಮುಂದೆ ಯಜಮಾನರು ಹತ್ತಿ ಮಾರ್ಕೆಟ್ಟಿನಲ್ಲಿ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ.

ಹುಬ್ಬಳ್ಳಿಯ ಕ್ಯಾಸೆಟ್ ಕಂಪನಿಯವರು ನಮ್ಮ ಕಡೆಯ ಹಳೆಯ ಹಾಡುಗಳನ್ನೆಲ್ಲ ಒಂದು ಕ್ಯಾಸೆಟ್ಟಿನಲ್ಲಿ ತರುತ್ತಿದ್ದಾರೆ. ಹಾಡು ರೆಕಾರ್ಡಿನದೇ, ಅದರ ಮುಂದೆ ನನ್ನ ನಾಲ್ಕು ಮಾತು ಬೇಕಂತೆ. ಬಾಲಮ್ಮನ ಮನೆಗೇ ಮಷೀನು ತರುತ್ತಾರೆ. ಈಗ ಮುಂದಿನ ಸಾಲಿನಲ್ಲಿ ಯಾರೂ ಇಲ್ಲ. ಬಾಯಿ ತೆರೆದರೆ ಮೊದಲು ನಿಮ್ಮ ಹೆಸರು.

ಹೋದ ವರ್ಷದ ನಿಮ್ಮ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಈಗಲೂ ಬರೆಯುತ್ತಿಲ್ಲ.

ಶರಣಮ್ಮ


ರಾಯಚೂರು
ತಾ. 23-10-1986

ಶರಣಮ್ಮನವರಿಗೆ ಸಲಾಂ.

ದೊಡ್ಡಪ್ಪನವರ ಸುದ್ದಿ ಕೇಳಿ ನೋವಾಯಿತು. ನಿಮಗೆ ದೇವರು ತಾಳ್ಮೆ ಕೊಡಲಿ.

ಹೆಸರು ಬೇಡ. ಮಗಳ ಮನೆ ಈಗ ತಣ್ಣಗಿದೆ. ಹುಸೇನಪೀರ ಮೊನ್ನೆ ರಾಯಚೂರಿಗೆ ಬಂದವನು ಸುಗ್ರಾಳನ್ನು ನನ್ನ ತೊಡೆಯ ಮೇಲೆ ಕೂಡಿಸಿ, ತನ್ನ ಕೆಲಸ ಮುಗಿಸಿಕೊಂಡು ಸಂಜೆಗೆ ಬಂದು ಕರೆದೊಯ್ದ. ನನಗೆ ಅಷ್ಟು ಸಾಕು. ಆರಿದ ಒಲೆಗೆ ಊದಬೇಡಿ.

ಏನಾದರೂ ಮಾಡಲೇಬೇಕೆಂದಿದ್ದರೆ ಹಾಡಿ. ತಡೆಯುವವರು ಯಾರೂ ಇಲ್ಲವಲ್ಲ.

ಬಂದೇನವಾಜ್


ದೇವದುರ್ಗ
ತಾ. 20-12-1986

ಮಾಸ್ತರರಿಗೆ ಶರಣು.

ನಿಮ್ಮ ಮಾತು ಕೇಳಲಿಲ್ಲ, ಹೇಳಿಬಿಟ್ಟೆ. “ರಾಯಚೂರಿನ ಬಂದೇನವಾಜ್ ಮಾಸ್ತರರು ಕ್ಲಾರಿನೆಟ್ ನುಡಿಸದಿದ್ದರೆ ಈ ಹಾಡೇ ಇರುತ್ತಿರಲಿಲ್ಲ” ಎಂದೇ ಶುರುಮಾಡಿದೆ. ಬಾಲಮ್ಮ ಕೇಳಿ ಅತ್ತಳು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ರಾತ್ರಿ ನಿದ್ದೆ ಚೆನ್ನಾಗಿ ಬಂತು.

ಕ್ಯಾಸೆಟ್ಟು ಮೊನ್ನೆ ಬಂತು. ವರ್ಷ ತುಂಬುವ ತನಕ ಈ ಮನೆಯಲ್ಲಿ ಹಾಡು ಹಾಕುವಂತಿಲ್ಲ, ಆದ್ದರಿಂದ ನಾನಿನ್ನೂ ಕೇಳಿಲ್ಲ. ಒಂದನ್ನು ನಿಮ್ಮ ಅಳಿಯನ ಅಂಗಡಿಗೇ ಟಪಾಲಿನಲ್ಲಿ ಕಳಿಸಿದ್ದೇನೆ. ‘ನಿಮ್ಮ ಮಾವನವರ ಹೆಸರಿದೆ, ನಾಲ್ಕು ಜನರನ್ನು ಕರೆದು ಕೇಳಿಸಿರಿ’ ಎಂದು ಚೀಟಿಯನ್ನೂ ಇಟ್ಟಿದ್ದೇನೆ. ನಗುತ್ತಿದ್ದವರ ಬಾಯಿ ಮುಚ್ಚಲಿ.

ಶರಣಮ್ಮ


ಮಾನ್ವಿ
ತಾ. 11-1-1987

ಶರಣಮ್ಮನವರಿಗೆ,

ನಾನು ಬಂದೇನವಾಜರ ಮಗಳು ಜಾಹೆದಾ. ನಿಮ್ಮ ವಿಳಾಸ ನೀವು ಕಳಿಸಿದ ಪೊಟ್ಟಣದ ಮೇಲಿತ್ತು.

ನಿಮ್ಮ ಚೀಟಿ ಓದಿ ನಮ್ಮವರಿಗೆ ಆದ ಸಂತೋಷ ಹೇಳತೀರದು. ಮದುವೆಯಾದ ಹೊಸತರ ಮುಖ ಮತ್ತೆ ಕಂಡೆ. ಕ್ಯಾಸೆಟ್ಟಿನ ಮೇಲಿನ ಪ್ಲಾಸ್ಟಿಕ್ ಹರಿಯಲಿಲ್ಲ. “ಎಲ್ಲಾರ ಮುಂದೇ ಬಿಚ್ಚತೀನಿ” ಅಂದರು. ತಾವೇ ರಾಯಚೂರಿಗೆ ಹೋಗಿ ಅಬ್ಬಾನನ್ನು ಕರೆತಂದರು. “ಕ್ಲಾರಿನೆಟ್ಟೂ ತಗೋರಿ ಮಾವ, ಆಮ್ಯಾಲ ಎಲ್ಲಾರಿಗೆ ಒಂದು ಸಲ ಕೇಳಿಸೋಣ” ಎಂದರಂತೆ. ಅಂಗಡಿಯ ಮುಂದೆ ಬೆಂಚು ಹಾಕಿ, ತಮ್ಮನ್ನು ಹಂಗಿಸುತ್ತಿದ್ದವರನ್ನೆಲ್ಲ ಕೂಡಿಸಿದರು. ನಮ್ಮತ್ತೆಗೆ ಕುರ್ಚಿ. ನಾನು ಮಗುವನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ.

ಕ್ಯಾಸೆಟ್ಟು ಹಾಕಿದರು. ನಿಮ್ಮ ಧ್ವನಿ ಬಂತು: “ಅವರೆಲ್ಲರಿಗೂ ನಾನು ಋಣಿ. ಕನಕಪ್ಪ ಮಾಸ್ತರರ ಪಾದಕ್ಕೆ ಶರಣು. ನಮ್ಮ ಯಜಮಾನರ ಆಶೀರ್ವಾದ.” ಹಾಡು ಶುರುವಾಯಿತು.

‘ಅವರೆಲ್ಲರಿಗೂ’ ಎನ್ನುವುದಕ್ಕೆ ಮುಂಚೆ ನೀವು ಏನೋ ಹೇಳಿರಬೇಕು. ಕಂಪನಿಯವರು ಕತ್ತರಿಸಿರಬೇಕು. ನಮ್ಮವರು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದರು. ಹೊರಳಿಸಿ ಆ ಬದಿಯನ್ನೂ ಹಾಕಿದರು. ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನೆಲ್ಲ ಬೆಳಕಿಗೆ ಹಿಡಿದು ಓದಿದರು. ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ನಮ್ಮವರು ಕತ್ತೆತ್ತಿ ನೋಡಿದ್ದು ನಕ್ಕವನನ್ನಲ್ಲ, ನನ್ನನ್ನು. ನಾನು ಮಗುವನ್ನು ಈ ಮಗ್ಗುಲಿಂದ ಆ ಮಗ್ಗುಲಿಗೆ ಬದಲಿಸಿದೆ.

ಅಬ್ಬಾ ಅದನ್ನು ಕಂಡರು. ಯಾರೂ ಕೇಳದಿದ್ದರೂ ಕ್ಲಾರಿನೆಟ್ ತೆಗೆದು ಊದತೊಡಗಿದರು. ಆ ನಡುವಿನ ತುಂಡನ್ನೇ. ನಾನು ಹುಟ್ಟಿದಾಗಿನಿಂದ ಅವರು ಊದುವುದನ್ನು ಕೇಳಿದ್ದೇನೆ. ಹಾಗೆ ಎಂದೂ ಕೇಳಿರಲಿಲ್ಲ. ಎದುರಿನ ದರ್ಜಿ ಮಷೀನು ನಿಲ್ಲಿಸಿದ. ದೇವದುರ್ಗದ ಬಸ್ಸಿನ ಕಂಡಕ್ಟರು ಸೀಟಿ ಬಾಯಲ್ಲಿಟ್ಟುಕೊಂಡವನು ಊದದೆ ನಿಂತ. ಮುಗಿದಾಗ, ಇನ್ನು ಯಾವ ಸಾಕ್ಷಿ ಬೇಕು, ಎಲ್ಲರಿಗೂ ತಿಳಿಯಿತಲ್ಲ ಎಂದು ನಾನು ಅಂದುಕೊಂಡೆ.

ಆಗ ನಮ್ಮತ್ತೆ ಅಂದರು: “ರೆಕಾರ್ಡಿನಾಗ ಇದ್ದಂಗೇ ಅದ ನೋಡ್ರಿ. ಕೇಳಿ ಕೇಳಿ ಎಷ್ಟು ಚಲೋ ಕಲ್ತಾನ.”

ಅವರು ಕುಹಕದಿಂದ ಅನ್ನಲಿಲ್ಲ. ಮೊದಲ ಸಲ ನಮ್ಮ ಅಬ್ಬಾನನ್ನು ಹೊಗಳಿದರು. ಬೆಂಚಿನವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ನಮ್ಮವರು ಕೇಳಿದರು, “ಹೌದೇನ್ರಿ ಮಾವ? ರೆಕಾರ್ಡ್ ಕೇಳಿ ಕಲ್ತಿರೇನು?”

ಅಬ್ಬಾ ನನ್ನ ಕಡೆ ನೋಡಿದರು. ಇಲ್ಲವೆನ್ನಿ ಎಂದು ನಾನು ಹೇಳಬೇಕಿತ್ತು. ನಾನು ನೆಲ ನೋಡಿದೆ.

“ಹೌದಪ್ಪಾ,” ಅಂದರು ಅಬ್ಬಾ. “ಕೇಳೇ ಕಲ್ತದ್ದು. ಅದು ನಂದಲ್ಲ.”

“ಮೊದಲೇ ಹಿಂಗ ಹೇಳಿದ್ರ ಮುಗೀತಿತ್ತಲ್ರೀ,” ಎಂದು ನಮ್ಮವರು ನಕ್ಕುಬಿಟ್ಟರು. ಎಲ್ಲರೂ ನಕ್ಕರು. ಎರಡು ವರ್ಷದ ಗಂಟು ಒಂದು ಗಳಿಗೆಯಲ್ಲಿ ಬಿಚ್ಚಿತು. ಚಹಾ ತರಿಸಿದರು. ನಮ್ಮವರೇ ಕಪ್ಪಿನಿಂದ ಬಸಿಗೆ ಸುರಿದು, ಆರಿಸಿ, ಕೈಗೆ ಕೊಟ್ಟರು. ಸುಳ್ಳುಗಾರ ಎನ್ನುವ ಮಾತು ಈಗ ಈ ಮನೆಯಲ್ಲಿಲ್ಲ. ಬಯಲಾಟದಲ್ಲಿ ರಾಜನ ಪಾತ್ರ ಮಾಡುವವನು ನಾಲ್ಕು ದಿನ ರಾಜನೇ ಎಂದುಕೊಳ್ಳುವುದಿಲ್ಲವೆ, ಹಾಗೆ ಎಂದು ನಮ್ಮತ್ತೆಯೇ ನೆರೆಯವರಿಗೆ ತಿಳಿಸಿ ಹೇಳುತ್ತಾರೆ. ಅಬ್ಬಾ ಬಂದಾಗಲೆಲ್ಲ ನಮ್ಮವರು ಗಿರಾಕಿಗಳಿಗೆ ಹೆಮ್ಮೆಯಿಂದ ಪರಿಚಯ ಮಾಡಿಕೊಡುತ್ತಾರೆ: “ನಮ್ಮ ಮಾವ. ಆ ಮದ್ರಾಸಿನವನ ಹಂಗೇ ಬಾರಿಸ್ತಾರ.” ಅಬ್ಬಾ ಎದ್ದುನಿಂತು ಬಾರಿಸುತ್ತಾರೆ.

ಅಮ್ಮಿ ಮಾತ್ರ ಅವತ್ತಿನಿಂದ ಅಬ್ಬಾನೊಂದಿಗೆ ಮಾತು ಬಿಟ್ಟಿದ್ದಾಳೆ.

ನನ್ನ ಮಗಳಿಗೆ ಈಗ ಅಪ್ಪನೂ ಇದ್ದಾನೆ, ಅಜ್ಜನೂ ಇದ್ದಾನೆ. ನೀವು ಒಳ್ಳೆಯ ಮನಸ್ಸಿನಿಂದಲೇ ಕಳಿಸಿರಬೇಕು, ನನಗೆ ಗೊತ್ತಿಲ್ಲ. ಇನ್ನೊಮ್ಮೆ ಎಲ್ಲಿಯಾದರೂ ನಿಮಗೆ ನಿಜ ಹೇಳಬೇಕೆನ್ನಿಸಿದರೆ, ಸುಗ್ರಾಳ ಆಣೆ, ಹೇಳಬೇಡಿ.

ಇಂತಿ,
ಜಾಹೆದಾ